ರೋಗಿ ಕಪ್ಪೆಯೋ, ಹೊಂಡವೋ?

ಬಾಗಲಕೋಟೆಯ ನವನಗರದ ಯಾವ ಔಷಧದಂಗಡಿಯ ಮುಂದಾದರೂ ಸಂಜೆ ಹೊತ್ತು ನಿಂತು ನೋಡಿ, ಹುಳುಕಡ್ಡಿಗೆ ಏನಾದರೂ ಕೊಡಿ ಎಂದು ಕೇಳುವವರು ಒಬ್ಬರಾದರೂ ಬರುತ್ತಾರೆ. ಚೀಟಿ ಇಲ್ಲದವರು ಸ್ಟೆರಾಯ್ಡ್ ಬೆರೆತ ಕ್ರೀಮು ಒಯ್ಯುತ್ತಾರೆ. ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಶಿಲೀಂಧ್ರ ಮಾತ್ರ ಚರ್ಮದಲ್ಲಿ ಮತ್ತಷ್ಟು ಅಗಲಕ್ಕೆ ಹಬ್ಬುತ್ತದೆ. ಚೀಟಿ ತಂದವರಿಗೆ ಹೆಚ್ಚಾಗಿ ಇಟ್ರಾಕೊನಜೋಲ್ ಕ್ಯಾಪ್ಸೂಲು ಸಿಗುತ್ತದೆ. ಇಡೀ ದೇಶದಲ್ಲಿ ಹುಳುಕಡ್ಡಿ ಈಗ ಹಟಮಾರಿ ರೋಗವಾಗಿದೆ. ಹಳೆಯ ಔಷಧಕ್ಕೆ ಬಗ್ಗದ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರನ್ನೇ ಇಟ್ಟಿದ್ದಾರೆ, ಇಂಡಿಯಾವನ್ನು ಹೆಸರೊಳಗೆ ಸೇರಿಸಿ. ಒಳ್ಳೆಯ ಚರ್ಮವೈದ್ಯರು ಮಾತ್ರೆ ಬರೆದು ಸುಮ್ಮನಾಗುವುದಿಲ್ಲ. ಮನೆಯಲ್ಲಿ ಇನ್ನಾರಿಗಿದೆ ಎಂದು ಕೇಳುತ್ತಾರೆ, ಇದ್ದವರಿಗೆಲ್ಲ ಒಟ್ಟಿಗೆ ಔಷಧ ಆಗಬೇಕು, ಟವೆಲ್ಲು ಬೇರೆ ಬೇರೆ ಇಡಿ, ಹಾಸಿಗೆ ಬಟ್ಟೆ ಬಿಸಿಲಿಗೆ ಹಾಕಿ ಎನ್ನುತ್ತಾರೆ.

ಈ ಇಟ್ರಾಕೊನಜೋಲೇ ಕಪ್ಪೆಗಳ ಚರ್ಮರೋಗಕ್ಕೂ ಔಷಧ. ಮನುಷ್ಯನ ತೊಡೆಸಂದಿಯ ಹುಳುಕಡ್ಡಿಗೂ ಆಸ್ಟ್ರೇಲಿಯದ ಕಪ್ಪೆಯ ಹೊಟ್ಟೆಯ ಮೇಲಿನ ಸೋಂಕಿಗೂ ಒಂದೇ ಮದ್ದು. ಎರಡೂ ಕಡೆ ಅದು ಮಾಡುವ ಕೆಲಸವೂ ಒಂದೇ: ಶಿಲೀಂಧ್ರದ ಜೀವಕೋಶದ ಗೋಡೆಯೊಳಗಿನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬು ತಯಾರಾಗದಂತೆ ತಡೆಯುವುದು. ಎರ್ಗೊಸ್ಟೆರಾಲ್ ನಮ್ಮಲ್ಲೂ ಇಲ್ಲ, ಕಪ್ಪೆಯಲ್ಲೂ ಇಲ್ಲ. ಆದ್ದರಿಂದ ಮದ್ದಿನ ಏಟು ಬಹುಮಟ್ಟಿಗೆ ಶಿಲೀಂಧ್ರಕ್ಕೇ ಬೀಳುತ್ತದೆ. ಇದನ್ನು ತಿಳಿದ ಮೇಲೆ ನನ್ನನ್ನು ಒಂದು ಪ್ರಶ್ನೆ ಹಿಡಿದುಕೊಂಡಿತು. ಕಪ್ಪೆಗೆ ಚಿಕಿತ್ಸೆ ಎಂದರೇನು? ಅದರಲ್ಲಿ ವಾಸಿಯಾಗಬೇಕಾದದ್ದು ಯಾವುದು?

ರೋಗದ ಕಥೆ ಹಳೆಯದಲ್ಲ. ಆಸ್ಟ್ರೇಲಿಯ ಮತ್ತು ಪನಾಮದ ಕಾಡುಗಳಲ್ಲಿ ತೊರೆಗಳ ಬದಿಗೆ ಕಪ್ಪೆಗಳು ಗುಂಪುಗುಂಪಾಗಿ ಸತ್ತು ಬಿದ್ದದ್ದಕ್ಕೆ ಚರ್ಮದಲ್ಲಿ ಬೆಳೆಯುವ ಒಂದು ಶಿಲೀಂಧ್ರ ಕಾರಣ ಎಂದು 1998ರಲ್ಲಿ ವಿಜ್ಞಾನಿಗಳು ತಿಳಿಸಿದರು. ಮರುವರ್ಷ, ವಾಷಿಂಗ್ಟನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಒಂದು ನೀಲಿ ಕಪ್ಪೆಯಿಂದ ಬೇರ್ಪಡಿಸಿದ ಅದೇ ಶಿಲೀಂಧ್ರಕ್ಕೆ ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂದು ಹೆಸರಾಯಿತು. ಸಂಶೋಧಕರು ಚಿಕ್ಕದಾಗಿ ಕೈಟ್ರಿಡ್ ಎನ್ನುತ್ತಾರೆ. 2019ರಲ್ಲಿ ಜಗತ್ತಿನ ಲೆಕ್ಕ ಹಾಕಿದಾಗ 501 ಜಾತಿಗಳು ಇದರಿಂದ ಕುಗ್ಗಿದ್ದವು. ಅವುಗಳಲ್ಲಿ 90 ಜಾತಿಗಳು ಅಳಿದೇ ಹೋಗಿರಬೇಕೆಂದು ಅಂದಾಜು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಒಂದೇ ರೋಗಾಣು ಇಷ್ಟು ಜಾತಿಗಳನ್ನು ನುಂಗಿದ ದಾಖಲೆ ಮತ್ತೊಂದಿಲ್ಲ.

ಚಿಕಿತ್ಸೆ ಮಾಡುವ ಬಗೆ ಹೀಗಿದೆ. ಕ್ಯಾಪ್ಸೂಲಿನೊಳಗಿನ ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆದ್ದರಿಂದ ದ್ರವರೂಪದ ಔಷಧವೇ ಬೇಕು. ಅದನ್ನು ಸಣ್ಣಗೆ ಉಪ್ಪು ಬೆರೆಸಿದ ನೀರಿಗೆ ಹಾಕುತ್ತಾರೆ. ಮೊದಮೊದಲು ಲೀಟರಿಗೆ 100 ಮಿಲಿಗ್ರಾಂ ಹಾಕಿ, ದಿನಕ್ಕೆ ಐದು ನಿಮಿಷದಂತೆ 11 ದಿನ ನೆನೆಸುತ್ತಿದ್ದರು. ಆಮೇಲೆ ಅದರ ಕಾಲುಭಾಗವೂ ಕೆಲವು ಜಾತಿಗಳಿಗೆ ಸಾಕು ಎಂದು ಗೊತ್ತಾಯಿತು. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಪ್ಪೆಯ ಹೊಟ್ಟೆ, ತೊಡೆ ಮುಳುಗುವಷ್ಟು ಮದ್ದಿನ ನೀರು. ಶಿಲೀಂಧ್ರ ಹೆಚ್ಚಾಗಿ ಕೂತಿರುವುದು ಹೊಟ್ಟೆಯ ಕೆಳಗೆ, ತೊಡೆಯೊಳಗೆ, ಬೆರಳ ತುದಿಗಳಲ್ಲಿ. ಡಬ್ಬಿಯನ್ನು ಮೆಲ್ಲಗೆ ಅಲುಗಿಸಿ ಬೆನ್ನನ್ನೂ ತೋಯಿಸುತ್ತಾರೆ. ಐದು ನಿಮಿಷದ ಮೇಲೆ ಶುದ್ಧ ನೀರಿನಲ್ಲಿ ಜಾಲಿಸಿ, ಹೊಸ ಡಬ್ಬಿಗೆ, ಹೊಸ ಒದ್ದೆ ಕಾಗದದ ಮೇಲೆ ಬಿಡುತ್ತಾರೆ. ಒಂದು ಕಪ್ಪೆ ಮುಟ್ಟಿದ ಕೈಗವಸು ಇನ್ನೊಂದನ್ನು ಮುಟ್ಟುವಂತಿಲ್ಲ. ಮದ್ದು ತುಸು ಹೆಚ್ಚಾದರೂ ಕಪ್ಪೆ ಸೊರಗುತ್ತದೆ. ಗೊದಮೊಟ್ಟೆಗಳಂತೂ ಬಣ್ಣ ಕಳೆದುಕೊಂಡು ಬಿಳಿಚುತ್ತವೆ. ಎಲ್ಲ ಮುಗಿದ ಮೇಲೆ ಹತ್ತಿಯ ಕಡ್ಡಿಯಿಂದ ಚರ್ಮ ಸವರಿ, ಶಿಲೀಂಧ್ರದ ಡಿಎನ್‌ಎ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ.

ಕಪ್ಪೆಗೆ ಔಷಧ ಕುಡಿಸುವುದಿಲ್ಲ, ಔಷಧದಲ್ಲಿ ಕಪ್ಪೆಯನ್ನು ಕೂಡಿಸುತ್ತಾರೆ. ಕಪ್ಪೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ. ಹೊಟ್ಟೆಯ ಕೆಳಭಾಗದ ತೆಳು ಚರ್ಮವನ್ನು ಒದ್ದೆ ಮಣ್ಣಿಗೆ ಒತ್ತಿ ಕೂತರೆ ಸಾಕು, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಉಸಿರಿನ ದೊಡ್ಡ ಪಾಲೂ ಚರ್ಮದಿಂದಲೇ. ನೀರಿನಲ್ಲಿರುವ ಸೋಡಿಯಂನಂಥ ಲವಣಗಳನ್ನು ಹೀರಿ ರಕ್ತಕ್ಕೆ ಸೇರಿಸುವುದೂ ಅದರದೇ ಕೆಲಸ. ನಮ್ಮ ಚರ್ಮ ನಮಗೆ ಬೇಲಿ. ಹೊರಗಿನದನ್ನು ಹೊರಗೇ ಇಡುತ್ತದೆ, ಹುಳುಕಡ್ಡಿ ಬಂದರೆ ನಾಚಿಕೆ, ತುರಿಕೆ, ಅಷ್ಟೇ. ಕಪ್ಪೆಗೆ ಚರ್ಮವೇ ಬಾಯಿ, ಚರ್ಮವೇ ಮೂಗು, ಮೂತ್ರಪಿಂಡದ ಅರ್ಧ ಕೆಲಸವೂ ಅದರ ಮೇಲೆಯೇ. ಹೀಗಾಗಿ ಚರ್ಮರೋಗ ಎಂಬ ಹಗುರವಾದ ಮಾತು ಕಪ್ಪೆಯ ಮಟ್ಟಿಗೆ ಸಾವಿನ ಮಾತು.

ಆ ಸಾವು ಹೇಗೆ ಬರುತ್ತದೆ ಎಂಬುದನ್ನು 2009ರಲ್ಲಿ ಆಸ್ಟ್ರೇಲಿಯದ ಹಸಿರು ಮರಗಪ್ಪೆಗಳ ಮೇಲೆ ನಡೆದ ಅಧ್ಯಯನ ತೋರಿಸಿಕೊಟ್ಟಿತು. ಕೈಟ್ರಿಡ್‌ನ ಬೀಜಕಣಕ್ಕೆ ಒಂದು ಬಾಲವಿದೆ, ಅದು ನೀರಿನಲ್ಲಿ ಈಜಿಕೊಂಡು ಬಂದು ಚರ್ಮದ ಗಡಸು ಪದರದಲ್ಲಿ ನೆಲೆಯೂರುತ್ತದೆ. ಚರ್ಮ ದಪ್ಪವಾಗುತ್ತದೆ, ಹೊಪ್ಪಳಿಕೆ ಏಳುತ್ತದೆ. ಲವಣ ಹೀರುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ರಕ್ತದಲ್ಲಿ ಸೋಡಿಯಂ ಸುಮಾರು ಐದರಲ್ಲೊಂದು ಪಾಲು, ಪೊಟ್ಯಾಸಿಯಂ ಅರ್ಧದಷ್ಟು ಕಡಿಮೆಯಾಗುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ. ಅದಕ್ಕೂ ಮುಂಚೆ ಕಪ್ಪೆ ಕಾಲು ಚಾಚಿ ಬಯಲಲ್ಲೇ ಕೂತುಬಿಡುತ್ತದೆ. ಬೆನ್ನಡಿ ಮಾಡಿ ಮಲಗಿಸಿದರೆ ಮಗುಚಿಕೊಳ್ಳಲು ಆಗುವುದಿಲ್ಲ. ಅಂಥ ಸ್ಥಿತಿಯ ಕಪ್ಪೆಗಳಿಗೆ ಲವಣದ ದ್ರಾವಣ ಬಾಯಿಗೆ ಹಾಕಿದಾಗ ಕೆಲವು ಮತ್ತೆ ಮಗುಚಿಕೊಂಡವು, ನೀರಿನ ತಟ್ಟೆಯಿಂದ ಹತ್ತಿ ಹೊರಬಂದವು, ಉಳಿದವುಗಳಿಗಿಂತ 20 ಗಂಟೆಗೂ ಹೆಚ್ಚು ಬದುಕಿದವು. ವಾಂತಿಭೇದಿಯಾದ ಕೂಸಿಗೆ ನಾವು ಕುಡಿಸುವ ಓಆರ್‌ಎಸ್ ಪುಡಿಯಲ್ಲೂ ಇರುವುದು ಸೋಡಿಯಂ, ಪೊಟ್ಯಾಸಿಯಂ. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಆ 20 ಗಂಟೆ ಗುಣವಲ್ಲ. ಆದರೂ ಬೆನ್ನಡಿಯಾಗಿ ಬಿದ್ದ ಜೀವ ತಾನಾಗಿ ಮಗುಚಿಕೊಂಡಿತಲ್ಲ.

ಗೊದಮೊಟ್ಟೆಯ ವಿಷಯ ಇನ್ನೂ ವಿಚಿತ್ರ. ಅದರ ಮೈಯಲ್ಲಿ ಆ ಗಡಸು ಪದರವಿಲ್ಲ, ಬಾಯಿಯ ಸುತ್ತ ಮಾತ್ರ ಇದೆ. ಶಿಲೀಂಧ್ರ ಅಲ್ಲೇ ಅಡಗಿರುತ್ತದೆ, ಕೊಲ್ಲುವುದಿಲ್ಲ. ಕಾಲು ಮೂಡಿ, ಬಾಲ ಕರಗಿ, ಹೊಸ ಚರ್ಮ ಬಂದು ಅದು ನೆಲಕ್ಕೆ ಕಾಲಿಡುವ ಹೊತ್ತಿಗೆ ರೋಗ ಮೈಗೆಲ್ಲ ಇಳಿಯುತ್ತದೆ. ದೊಡ್ಡವಾಗುವುದೇ ಅಪಾಯವಾಗುವ ಬಾಲ್ಯ ಅದು.

ಪ್ರಯೋಗಾಲಯದ ಡಬ್ಬಿಯಲ್ಲಿ 11 ದಿನ ಕೂತು ಗುಣವಾದ ಕಪ್ಪೆಯನ್ನು ಅದೇ ತೊರೆಗೆ ಬಿಟ್ಟರೆ ಏನಾಗುತ್ತದೆ? ಬೀಜಕಣ ನೀರಿನಲ್ಲಿ ಕಾಯುತ್ತಲೇ ಇರುತ್ತದೆ, ರೋಗ ಮತ್ತೆ ಬರುತ್ತದೆ. ಸ್ಪೇನಿನ ಮಯೋರ್ಕಾ ದ್ವೀಪದವರು ಈ ಪಾಠ ಕಲಿತದ್ದು ನೋವಿನಿಂದ. ಅಲ್ಲಿನ ಕಲ್ಲಿನ ಕಮರಿಗಳ ಹೊಂಡಗಳಲ್ಲಿ ಒಂದು ಪುಟ್ಟ ಕಪ್ಪೆಯಿದೆ. ಹೆಣ್ಣು ಇಟ್ಟ ಮೊಟ್ಟೆಗಳ ಸರವನ್ನು ಗಂಡು ತನ್ನ ಹಿಂಗಾಲುಗಳಿಗೆ ಸುತ್ತಿಕೊಂಡು ತಿರುಗುತ್ತದೆ. 1977ರಲ್ಲಿ ಮೊದಲು ಜಗತ್ತಿಗೆ ಗೊತ್ತಾದದ್ದು ಅದರ ಪಳೆಯುಳಿಕೆ, ಜೀವಂತ ಕಪ್ಪೆ ಸಿಕ್ಕದ್ದು ಆಮೇಲೆ. ಸತ್ತುಹೋಯಿತು ಎಂದುಕೊಂಡದ್ದು ಬದುಕಿದೆ ಎಂಬ ಸಂತೋಷದಲ್ಲಿ ಅದನ್ನು ಸಾಕಿ, ಸಂಖ್ಯೆ ಹೆಚ್ಚಿಸಿ, ಹೊಂಡಗಳಿಗೆ ಮರಳಿ ಬಿಟ್ಟರು. ಸಾಕುವಾಗ ಅವು ಆಫ್ರಿಕಾದ ಕಪ್ಪೆಗಳಿದ್ದ ಕಡೆಯಲ್ಲೇ ಇದ್ದವು. ಕೈಟ್ರಿಡ್ ಆ ದ್ವೀಪಕ್ಕೆ ಬಂದದ್ದು ಹೀಗೆ, ಉಳಿಸಲು ಹೊರಟವರ ಕೈಯಿಂದ, ಎಂದು 2008ರಲ್ಲಿ ಪತ್ತೆಯಾಯಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಕಮರಿಗಿಳಿದು, ಹೊಂಡದ ಗೊದಮೊಟ್ಟೆಗಳನ್ನೆಲ್ಲ ಹಿಡಿದು, ಹೊರತಂದು, ಇಟ್ರಾಕೊನಜೋಲ್ ನೀರಿನಲ್ಲಿ ದಿನವೂ ಅದ್ದಿ ಗುಣಮಾಡಿದರು. ಅಷ್ಟರಲ್ಲಿ ಹೊಂಡಗಳನ್ನು ಖಾಲಿ ಮಾಡಿ ಒಣಗಿಸಿದರು. ಮರಳಿ ಬಿಟ್ಟ ಮೇಲೆ ಸೋಂಕು ಮತ್ತೆ ಬಂತು. ಎರಡನೆಯ ಸಲ ಹೊಂಡದ ಬಂಡೆಗಳನ್ನೂ ಬಿರುಕುಗಳನ್ನೂ ಕ್ರಿಮಿನಾಶಕದಿಂದ ತೊಳೆದರು. ಆಗ ರೋಗ ಹೋಯಿತು. ಕಾಡಿನ ಕಪ್ಪೆಗಳ ನಡುವಿನಿಂದ ಈ ಶಿಲೀಂಧ್ರವನ್ನು ಕಿತ್ತುಹಾಕಿದ ಮೊದಲ ವರದಿ 2015ರಲ್ಲಿ ಪ್ರಕಟವಾಯಿತು. ಬಂಡೆಗೆ ಕ್ರಿಮಿನಾಶಕ ಹಾಕಿದರೆ ಶಿಲೀಂಧ್ರ ಒಂದೇ ಸಾಯುವುದಿಲ್ಲ, ಹೊಂಡದ ಕಣ್ಣಿಗೆ ಕಾಣದ ಬದುಕೆಲ್ಲ ಸಾಯುತ್ತದೆ. ಗೊತ್ತಿದ್ದೂ ಮಾಡಿದರು. ಇನ್ನೊಂದು ದಾರಿ ಅವರಿಗೆ ಉಳಿದಿರಲಿಲ್ಲ.

ಹುನಗುಂದದ ಕಡೆಯ ದಾಳಿಂಬೆ ಬೆಳೆಗಾರರೊಬ್ಬರಿಗೆ ಈ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಗಿಡಕ್ಕ ಎಣ್ಣಿ ಹೊಡದ್ರ ಆತೇನ್ರೀ ಸರ್? ಬಿದ್ದ ಎಲಿ, ಒಡದ ಕಾಯಿ ಒಂದೂ ಬಿಡದಂಗ ಆರಿಸಿ ಸುಡಬೇಕು. ಕತ್ತರಿ ಒಂದ್ ಗಿಡದಿಂದ ಇನ್ನೊಂದ್ ಗಿಡಕ್ಕ ಹೋಗೂಮುಂದ ಔಷಧದಾಗ ಅದ್ದಬೇಕು. ಬಗಲಾಗಿನ ತ್ವಾಟದಾಗ ರೋಗ ಇದ್ರ ನಂದೂ ಹೋತು" ಎಂದರು. ದುಂಡಾಣು ಅಂಗಮಾರಿ ರೋಗ ಬಂದು ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ತೋಟಗಳು ಮಲಗಿದ ವರ್ಷಗಳನ್ನು ಕಂಡವರು ಅವರು. ಗಿಡದ ಬುಡಕ್ಕೆ ಬ್ಲೀಚಿಂಗ್ ಪುಡಿ ಉದುರಿಸಿದವರು, ಗಿಡಗಳಿಗೆ ವಿಶ್ರಾಂತಿ ಕೊಡಬೇಕೆಂದು ಒಂದು ಬೆಳೆಯ ದುಡ್ಡು ಬಿಟ್ಟವರು. ರೋಗಿ ಗಿಡವಲ್ಲ, ತೋಟ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಹುಳುಕಡ್ಡಿಯ ವೈದ್ಯರು ಮನೆಮಂದಿಯನ್ನೆಲ್ಲ ವಿಚಾರಿಸುವುದೂ ಇದೇ ತಿಳಿವಳಿಕೆಯಿಂದ.

ನಮ್ಮ ಜಿಲ್ಲೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಧರ್ಮದ ಬುಡದಲ್ಲಿ ದಯೆಯನ್ನು ಇಟ್ಟ. ಪ್ರಾಣಿ ಯಾವುದೇ ಇರಲಿ, ದಯೆಗೆ ಹೊರತಲ್ಲ ಎಂದ. ಈ ನೆಲದಲ್ಲಿ ಹುಟ್ಟಿದವರಿಗೆ ಅದು ಕೇಳಿ ಕೇಳಿ ರಕ್ತಗತವಾದ ಮಾತು. ಆದರೆ ಮಯೋರ್ಕಾದ ಕಥೆಯನ್ನು ಅದರ ಪಕ್ಕದಲ್ಲಿಟ್ಟಾಗ ನನಗೆ ತಳಮಳವಾಗುತ್ತದೆ. ಅಲ್ಲಿ ದಯೆಗೆ ಕೊರತೆ ಇರಲಿಲ್ಲ. ದಯೆಯ ಕೈಗೇ ರೋಗ ಅಂಟಿತ್ತು. ಚಿಕ್ಕವರಿದ್ದಾಗ ನಮಗೆ "ಕಪ್ಪಿ ಮುಟ್ಟಬ್ಯಾಡ್ರೋ, ಮೈಗೆ ಗುಳ್ಳಿ ಏಳ್ತಾವ" ಎಂದು ಗದರುತ್ತಿದ್ದರು. ಗುಳ್ಳೆ ಏಳುವುದು ನಿಜವಲ್ಲ. ಕಪ್ಪೆಯ ಈ ರೋಗ ನಮಗೆ ತಗಲುವುದೂ ಇಲ್ಲ. ನಮ್ಮಿಂದ ಅದಕ್ಕೆ ಆಗುವ ಕೇಡೇ ದೊಡ್ಡದು. ಒಂದು ಹೊಂಡದ ಕೆಸರು ಮೆತ್ತಿದ ಬೂಟು, ಒದ್ದೆ ಬಲೆ, ನೀರು ತುಂಬಿದ ಡ್ರಮ್ಮು ಇನ್ನೊಂದು ಹೊಂಡಕ್ಕೆ ಹೋದರೆ ರೋಗವೂ ಜೊತೆಗೆ ಹೋಗಬಹುದು. ಕಪ್ಪೆ ಅಭ್ಯಾಸ ಮಾಡುವ ವಿಜ್ಞಾನಿಗಳು ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟನ್ನು ಬ್ಲೀಚ್‌ನಲ್ಲಿ ತೊಳೆಯುವುದು ಇದಕ್ಕೇ. ದಯೆಗೂ ಕೈ ತೊಳೆಯುವ ಶಿಸ್ತು ಬೇಕು ಎಂದು ಅಲ್ಲಿಂದ ಈಚೆಗೆ ನನಗೆ ಮೇಲಿಂದ ಮೇಲೆ ಅನ್ನಿಸುತ್ತದೆ.

ಈ ಶಿಲೀಂಧ್ರವನ್ನು ಸಮುದ್ರ ದಾಟಿಸಿದವರೂ ನಾವೇ. ಅದರ ಮೂಲ ಪೂರ್ವ ಏಷ್ಯಾದಲ್ಲಿದೆ, ಜಗತ್ತಿಗೆ ಹಬ್ಬಿದ್ದು ಇಪ್ಪತ್ತನೆಯ ಶತಮಾನದಲ್ಲಿ ಎಂದು 2018ರ ಜೀನ್ ಅಧ್ಯಯನ ಹೇಳಿತು. ಸಾಕಲು, ತಿನ್ನಲು, ಪ್ರಯೋಗಕ್ಕೆ ಎಂದು ಕಪ್ಪೆಗಳನ್ನು ಜೀವಂತ ಸಾಗಿಸಿದ ಶತಮಾನ ಅದು. 1930ರ ದಶಕದಿಂದ ಕೆಲವು ದಶಕ ಪಶ್ಚಿಮದ ದೇಶಗಳಲ್ಲಿ ಬಸಿರು ಪರೀಕ್ಷೆಗೆ ದಕ್ಷಿಣ ಆಫ್ರಿಕಾದ ಒಂದು ಕಪ್ಪೆಯನ್ನು ಬಳಸುತ್ತಿದ್ದರು. ಹೆಂಗಸಿನ ಮೂತ್ರವನ್ನು ಹೆಣ್ಣುಕಪ್ಪೆಗೆ ಚುಚ್ಚಿದರೆ, ಆಕೆ ಬಸಿರಾಗಿದ್ದಲ್ಲಿ ಮರುದಿನದೊಳಗೆ ಕಪ್ಪೆ ಮೊಟ್ಟೆ ಇಡುತ್ತಿತ್ತು. ಸಾವಿರಾರು ಕಪ್ಪೆಗಳು ಹಡಗು ಹತ್ತಿದವು. ಅದೇ ಜಾತಿಯ 1938ರ ಒಂದು ಸಂಗ್ರಹಾಲಯದ ಮಾದರಿಯ ಚರ್ಮದಲ್ಲಿ ಕೈಟ್ರಿಡ್ ಸಿಕ್ಕಿದೆ. ಎಷ್ಟು ಮನೆಗಳಿಗೆ ಸಿಹಿಸುದ್ದಿ ತಂದಿತೋ ಆ ಕಪ್ಪೆ! ನಮ್ಮ ದೇಶವೂ ಈ ವ್ಯಾಪಾರದಿಂದ ಹೊರಗಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಭಾರತ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲುಗಳನ್ನು ಯುರೋಪು, ಅಮೆರಿಕಕ್ಕೆ ಕಳಿಸುತ್ತಿತ್ತು. ಗದ್ದೆಯ ಕೀಟ ತಿನ್ನುವ ದೊಡ್ಡ ಹಳದಿ ಕಪ್ಪೆಯೇ ಅದರಲ್ಲಿ ಮುಖ್ಯ. ಆ ರಫ್ತು ನಿಂತದ್ದು 1987ರಲ್ಲಿ. ಮಳೆ ಬರಲಿ ಎಂದು ಕಪ್ಪೆಗಳ ಮದುವೆ ಮಾಡುವ ನಾಡು ನಮ್ಮದು. ಮಳೆ ಕೇಳುವಾಗ ನೆನಪಾಗುವ ಜೀವ, ಉಳಿದ ಹೊತ್ತು ಹೇಗಿದೆ ಎಂದು ವಿಚಾರಿಸಿದವರು ಕಡಿಮೆ.

ಹಾಗಾದರೆ ಇಲ್ಲಿಯ ಕಪ್ಪೆಗಳ ಗತಿ? ಕೈಟ್ರಿಡ್ ನಮ್ಮಲ್ಲೂ ಇದೆ. ಪಶ್ಚಿಮಘಟ್ಟದ ಕಪ್ಪೆಯಲ್ಲಿ ಅದನ್ನು ಕಂಡ ಮೊದಲ ವರದಿ 2011ರದು. 2013ರಲ್ಲಿ ಉತ್ತರ ಘಟ್ಟಗಳ ಅಳಿವಿನಂಚಿನ ಕಪ್ಪೆಗಳಲ್ಲಿ ಸಿಕ್ಕಿತು, ಏಷ್ಯಾದ್ದೇ ತಳಿ ಎಂದು ಗುರುತಾಯಿತು. ಬಾಗಲಕೋಟೆಯ ಮೂರು ನದಿಗಳು, ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಹುಟ್ಟುವುದು ಅದೇ ಸಹ್ಯಾದ್ರಿಯಲ್ಲಿ. 2018ರಲ್ಲಿ ಪ್ರಕಟವಾದ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನ ಶಿಲೀಂಧ್ರದ ಬಗೆಬಗೆಯ ಒಳತಳಿಗಳನ್ನು ಕಂಡಿತು, ಸೋಂಕಿನ ಪ್ರಮಾಣ ಮಾತ್ರ ಕಡಿಮೆ ಇತ್ತು. ಪನಾಮದಂಥ ಸಾಮೂಹಿಕ ಸಾವಿನ ದಾಖಲೆ ಭಾರತದಿಂದ ಬಂದಿಲ್ಲ. ಇಲ್ಲಿ ಶಿಲೀಂಧ್ರವೂ ಕಪ್ಪೆಯೂ ಬಹುಕಾಲದಿಂದ ಒಬ್ಬರಿಗೊಬ್ಬರು ಒಗ್ಗಿಕೊಂಡಿರುವಂತೆ ತೋರುತ್ತದೆ.

ಇಲ್ಲಿ ನಿಂತು ನಾನು ಆರೋಗ್ಯದ ಬಗ್ಗೆ ನನ್ನ ಹಳೆಯ ಕಲ್ಪನೆಯನ್ನು ಬಿಡಬೇಕಾಯಿತು. ರೋಗಾಣು ಇಲ್ಲದಿರುವುದೇ ಆರೋಗ್ಯವಾದರೆ ಸಹ್ಯಾದ್ರಿಯ ಆ ಕಪ್ಪೆಗಳು ರೋಗಿಗಳು. ಆದರೆ ಅವು ಕೂಗುತ್ತಿವೆ, ಮೊಟ್ಟೆ ಇಡುತ್ತಿವೆ, ಮಗುಚಿಕೊಳ್ಳುತ್ತಿವೆ. ಅವುಗಳ ಚರ್ಮದ ಮೇಲೆ ಬೇರೆ ಬ್ಯಾಕ್ಟೀರಿಯಗಳೂ ಬಾಳುತ್ತವೆ. ಅಮೆರಿಕದ ಕೆಲವು ಉಭಯಚರಗಳ ಚರ್ಮದಲ್ಲಿ ನೇರಳೆ ಬಣ್ಣದ ವಸ್ತು ತಯಾರಿಸುವ ಒಂದು ಬ್ಯಾಕ್ಟೀರಿಯ ಇದೆ. ಅದನ್ನು ರೋಗಕ್ಕೆ ಸುಲಭವಾಗಿ ತುತ್ತಾಗುವ ಕಪ್ಪೆಗೆ ಹಚ್ಚಿದಾಗ ಕೈಟ್ರಿಡ್ ಕೊಲ್ಲಲಿಲ್ಲ ಎಂದು 2009ರ ಪ್ರಯೋಗವೊಂದು ತೋರಿಸಿದೆ. ಕಪ್ಪೆಯ ಮೈ ಒಂದು ಊರು. ಅಲ್ಲಿ ಯಾರು ಯಾರ ಪಕ್ಕದಲ್ಲಿ ಎಷ್ಟು ಜಾಗ ಹಿಡಿದಿದ್ದಾರೆ ಎಂಬುದರ ಮೇಲೆ ಬದುಕು ನಿಂತಿದೆ.

ನವನಗರದವರಿಗೆ ಊರು ಎಂದರೆ ಹಾಗೇ ನೆನಪಾಗುತ್ತದೆ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳನ್ನು ಹಿಡಿಯುತ್ತದೆಂದು ಎತ್ತರದ ಒಣನೆಲದಲ್ಲಿ ಸೆಕ್ಟರುಗಳ ಲೆಕ್ಕದಲ್ಲಿ ಕಟ್ಟಿದ ಊರು ಇದು. ಮುಳುಗಡೆಯಾದ ಮನೆ, ಗಿಡ, ಬಾವಿಗಳನ್ನು ಎಣಿಸಿದರು. ಕಪ್ಪೆಗಳನ್ನು ಯಾರೂ ಎಣಿಸಲಿಲ್ಲ, ಸಾಗಿಸಲಿಲ್ಲ. ಮಿರಗ ಮಳೆ ಬಿದ್ದ ರಾತ್ರಿ ಅವು ತಾವೇ ಬರುತ್ತವೆ. ಖಾಲಿ ಪ್ಲಾಟಿನ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತರೆ ಸಾಕು, ನೆಲದೊಳಗಿಂದ ಎದ್ದು ಬರುತ್ತವೆ. ಗಂಡು ದೊಡ್ಡಗಪ್ಪೆ ಆ ದಿನಗಳಲ್ಲಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಕೂಗುವಾಗ ಗಂಟಲಿನ ಎರಡೂ ಬದಿಗೆ ಕಡುನೀಲಿ ಚೀಲ ಉಬ್ಬುತ್ತವೆ. ಮಣ್ಣು ಅಗೆದು ಇಳಿಯುವ ಇನ್ನೊಂದು ಜಾತಿಗೆ ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಉಬ್ಬಿದೆ. ಬೇಸಿಗೆಯೆಲ್ಲ ಅದು ಮಣ್ಣಿನೊಳಗೇ ಕಳೆಯುತ್ತದೆ.

ಆ ಬೇಸಿಗೆಯೂ ಈ ಕಥೆಯಲ್ಲಿ ಪಾಲುದಾರ. ಕೈಟ್ರಿಡ್‌ಗೆ ಹಿತವಾದದ್ದು 17ರಿಂದ 25 ಡಿಗ್ರಿ ಸೆಲ್ಸಿಯಸ್. 28 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, 30ರ ಮೇಲೆ ಹೆಚ್ಚು ಕಾಲ ಇಟ್ಟರೆ ಸಾಯುತ್ತದೆ. ಸೋಂಕು ತಗಲಿದ ಕೆಲವು ಜಾತಿಯ ಕಪ್ಪೆಗಳನ್ನು 30 ಡಿಗ್ರಿಯಲ್ಲಿ ಹತ್ತು ದಿನ ಇಟ್ಟು, ಯಾವ ಮದ್ದೂ ಇಲ್ಲದೆ ಗುಣಪಡಿಸಿದ್ದಾರೆ. ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಬಿಸಿಲನ್ನು ಶಪಿಸದವರಿಲ್ಲ, ನಾನೂ ಶಪಿಸಿದ್ದೇನೆ. ಬಾದಾಮಿಯ ಬಂಡೆ, ಇಳಕಲ್ಲಿನ ಗ್ರಾನೈಟ್ ಕ್ವಾರಿ ಸಂಜೆಯಾದರೂ ಕಾವು ಬಿಡುವುದಿಲ್ಲ. ಈ ಶಿಲೀಂಧ್ರಕ್ಕೆ ಹೇಳಿಮಾಡಿಸಿದ ನಾಡಂತೂ ಇದಲ್ಲ.

ಕಾವಿನ ಈ ಗುಣವನ್ನೇ ಹಿಡಿದು ಆಸ್ಟ್ರೇಲಿಯದವರು ಮಾಡಿದ ಕೆಲಸ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ತೂತುಗಳಿರುವ ಇಟ್ಟಿಗೆಗಳನ್ನು ಒಟ್ಟಿ, ಮೇಲೆ ಬಿಸಿಲು ಹಿಡಿಯುವ ಪಾರದರ್ಶಕ ಹೊದಿಕೆಯ ಸಣ್ಣ ಗುಡಾರ ಕಟ್ಟಿದರು. ಸೋಂಕು ತಗಲಿದ ಹಸಿರು-ಹೊನ್ನಿನ ಕಪ್ಪೆಗಳು ಯಾರೂ ಹೇಳದೆ ಆ ಬೆಚ್ಚನೆಯ ತೂತುಗಳಿಗೆ ಹೊಕ್ಕು ಕೂತವು. ಮೈ ಕಾಯಿತು, ಸೋಂಕು ಇಳಿಯಿತು. ಹೀಗೆ ಒಮ್ಮೆ ಗುಣವಾದವು ಮುಂದೆ ತಂಪಿನ ದಿನಗಳಲ್ಲಿ ಮತ್ತೆ ಸೋಂಕು ತಗಲಿದರೂ ಹೆಚ್ಚಾಗಿ ಬದುಕಿದವು. ಇಲ್ಲಿ ಯಾರೂ ಕಪ್ಪೆಯನ್ನು ಮದ್ದಿನಲ್ಲಿ ಅದ್ದಲಿಲ್ಲ, ಹೊಂಡದ ಬಂಡೆಗೆ ವಿಷ ಹಾಕಲಿಲ್ಲ. ಜಾಗ ಮಾಡಿಕೊಟ್ಟು ದೂರ ಸರಿದರು. ಹೋಗುವುದೋ ಬಿಡುವುದೋ, ಎಷ್ಟು ಹೊತ್ತು ಕೂರುವುದೋ ಕಪ್ಪೆಯೇ ಆರಿಸಿಕೊಂಡಿತು. ಚಿಕಿತ್ಸೆಯಲ್ಲಿ ರೋಗಿಯ ಇಚ್ಛೆಗೆ ಇಷ್ಟು ಜಾಗ ಇರಬಹುದು ಎಂದು, ಅದೂ ಮಾತು ಬಾರದ ರೋಗಿಗೆ, ನಾನು ಯೋಚಿಸಿರಲಿಲ್ಲ.

ಎಲ್ಲ ಕಪ್ಪೆಗೂ ಇಟ್ಟಿಗೆ ಆಗಿಬರುವುದಿಲ್ಲ. ಸಹ್ಯಾದ್ರಿಯ ತೊರೆಗಳಲ್ಲಿ ಕಲ್ಲಿನ ಕೆಳಗೆ ಬಾಳುವ ಇರುಳುಗಪ್ಪೆಗಳಿಗೆ ತಣ್ಣನೆಯ ಹರಿವೇ ಪ್ರಾಣ, 30 ಡಿಗ್ರಿ ಅವಕ್ಕೆ ಮದ್ದಲ್ಲ, ಹಿಂಸೆ. ಅವುಗಳಿಗೆ ತೊರೆಯ ಮೇಲಿನ ಮರದ ನೆರಳು ಉಳಿಯಬೇಕು, ಹೊಸ ರೋಗತಳಿ ಹೊರಗಿನಿಂದ ಬರಬಾರದು. ನಮ್ಮ ಬಯಲುಸೀಮೆಯ ಕಪ್ಪೆಗೆ ಬೇಕಾದದ್ದು ಬೇರೆ: ಮಳೆಗಾಲದ ಒಂದೆರಡು ತಿಂಗಳು ಯಾರೂ ಮುಚ್ಚದ ತಗ್ಗು, ತೋಟಕ್ಕೆ ಹೊಡೆದ ಔಷಧ ಹರಿದು ಸೇರದ ನೀರು. ಕೆರೆಯಿಂದ ಕೆರೆಗೆ ಮೀನುಮರಿ ಸಾಗಿಸುವವರು ನೀರನ್ನೂ ಸಾಗಿಸುತ್ತಾರೆ, ನೀರಿನ ಜೊತೆ ಕಾಣದ್ದನ್ನೂ. ಅವರ ಬಲೆ, ಬುಟ್ಟಿಗಳನ್ನು ಮುಂದಿನ ಕೆರೆಗೆ ಇಳಿಸುವ ಮುಂಚೆ ಎಳೆ ಎಳೆಯೂ ಗರಿಗರಿಯಾಗುವಂತೆ ಬಿಸಿಲಿಗೆ ಹರವಿದರೆ ಕೈಟ್ರಿಡ್ ಉಳಿಯಲಾರದು, ಅದಕ್ಕೆ ಪೂರ್ತಿ ಒಣಗುವುದನ್ನು ತಾಳುವ ಶಕ್ತಿ ಇಲ್ಲ. ಆ ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಅದಕ್ಕೆ ಚೀಟಿಯೂ ಬೇಡ.